ಅವ್ವ ಕಡಲು ನೋಡಿದ್ದು

ನಮ್ಮ ಬೇವೂರಲ್ಲಿ ಕಡಲೆ ಗೊತ್ತು, ಕಡಲು ಗೊತ್ತಿಲ್ಲ. ಯಲಬುರ್ಗಾ ಸೀಮೆಯಲ್ಲೇ ಹುಟ್ಟಿ, ಮದುವೆಯಾಗಿ, ಅರವತ್ತೆರಡು ವರ್ಷ ಕಳೆದ ನನ್ನವ್ವ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. "ಈ ಸಲ ಕಡ್ಲಿ ಚಲೋ ಬಂದ್ರ ಸಮುದ್ರಕ್ಕ ಹೋಗೂಣು" ಅಂತ ಅಪ್ಪ ಪ್ರತಿ ವರ್ಷ ಹೇಳ್ತಿದ್ದರು. ಬೆಳೆ ಬಂದ ವರ್ಷ ರೇಟ್ ಇರ್ತಿರಲಿಲ್ಲ, ರೇಟ್ ಇದ್ದ ವರ್ಷ ಬೆಳೆ ಇರ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಹೋಗಿಬಿಟ್ಟರು.

ಈ ಸಲ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲಕ್ಕೆ ಚರಗ ಚೆಲ್ಲಿ ಬಂದ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಕೂತೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಕ್ಸೆಲ್ ಶೀಟ್ ಇಲ್ಲದೆ ನಮಗೆ ಪ್ರವಾಸವೂ ಆಗೋದಿಲ್ಲ. ಎರಡು ಕಾಲಂ ಮಾಡಿದೆ: ಮುರ್ಡೇಶ್ವರ, ತದಡಿ.

ಮುರ್ಡೇಶ್ವರ ಹುಬ್ಬಳ್ಳಿಯಲ್ಲಿರುವ ಅಣ್ಣನ ಆಯ್ಕೆ. ಮೂರು ಕಡೆ ಸಮುದ್ರ ಇರುವ ಕಂದುಕಗಿರಿ, 123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ, ಅದರೊಳಗೆ ಲಿಫ್ಟು. "ಅವ್ವಗ ದೇವ್ರೂ ಆತು, ಸಮುದ್ರನೂ ಆತು. ಹುಡುಗ್ರೂ ಆಡ್ತಾವ" ಅಂದ. ವೈನಿಯದೂ ಅದೇ ಮಾತು.

ತದಡಿ ನನ್ನ ಆಯ್ಕೆ. ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಇರುವ ಮೀನುಗಾರಿಕೆ ಬಂದರು. ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಹೊತ್ತಿಗೆ ಸೇರಿತ್ತು. ಶೀಟ್‌ನಲ್ಲಿ 'ಜನಜಂಗುಳಿ' ಅನ್ನೋ ಸಾಲಿಗೆ ಮುರ್ಡೇಶ್ವರಕ್ಕೆ ಕೆಂಪು, ತದಡಿಗೆ ಹಸಿರು ಬಣ್ಣ ತುಂಬಿದೆ. ವರ್ಷವಿಡೀ ಟ್ರಾಫಿಕ್ಕು, ಮೀಟಿಂಗು, ಪಿಂಗ್ ಪಿಂಗ್ ಅನ್ನೋ ಮೆಸೇಜು. ಇನ್ನು ರಜೆಯಲ್ಲೂ ಗದ್ದಲವೇ?

ಅವ್ವನನ್ನ ಕೇಳಿದೆವು. "ನೀವು ಹೇಳಿದ್ದ ಆತು" ಅಂದಳು. ಅಣ್ಣ ಅದನ್ನ ತನ್ನ ಪರ ಅಂದುಕೊಂಡ, ನಾನು ನನ್ನ ಪರ. ಸ್ವಲ್ಪ ಜಗಳವೂ ಆಯ್ತು. ಕೊನೆಗೆ ಅಣ್ಣನ ಸಂಸಾರ ಮುರ್ಡೇಶ್ವರಕ್ಕೆ, ನಾನೂ ಅವ್ವನೂ ತದಡಿಗೆ ಅಂತಾಯ್ತು. ಅವ್ವ ಏನೂ ಅನ್ನಲಿಲ್ಲ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ಗಂಟು ಮಾಡಿ ಇಬ್ಬರಿಗೂ ಕೊಟ್ಟಳು.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 130 ಕಿಲೋಮೀಟರ್. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅವ್ವ ಕಿಟಕಿಗೆ ಮುಖ ಒತ್ತಿ ಕೂತಿದ್ದಳು. "ಇಷ್ಟು ಗಿಡ ಯಾರು ಹಚ್ಚಿದ್ರವ್ವಾ?" ಅಂದಳು. ಬಯಲುಸೀಮೆಯವರಿಗೆ ಮಾತ್ರ ಬರುವ ಪ್ರಶ್ನೆ.

ತದಡಿಯ ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು. ಆಚೆ ದಡದ ಅಘನಾಶಿನಿ ಊರಿಗೆ ಜನರನ್ನೂ ಬೈಕುಗಳನ್ನೂ ತುಂಬಿಕೊಂಡು ಒಂದು ದೋಣಿ ಹೋಗ್ತಿತ್ತು. ಅವ್ವ ಹೊತ್ತು ನೋಡಿ ಕೇಳಿದಳು, "ಇದು ಹೊಳೀನೋ, ಸಮುದ್ರನೋ?"

"ಎರಡೂ ಕೂಡೂ ಜಾಗ ಅವ್ವಾ."

"ಹಂಗಾರ ಮುನಿರಾಬಾದ್ ಡ್ಯಾಮಿನ ಹಿಂದ ಇಷ್ಟ ನೀರು ನೋಡೀನಿ ಬಿಡು."

ನನಗೆ ಸ್ವಲ್ಪ ಪೆಚ್ಚಾಯ್ತು. ಊಟದ್ದೂ ಕಷ್ಟವಾಯ್ತು. ಬಂದರಿನ ಊರಲ್ಲಿ ಮೀನಿನ ಊಟವೇ ಊಟ, ನಾವು ತಿನ್ನುವವರಲ್ಲ. ಒಣಮೀನಿನ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದಳು. ರೊಟ್ಟಿಗಂಟು ನಮ್ಮನ್ನ ಕಾಪಾಡಿತು.

ಮರುದಿನ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಿತ್ತು. ಹೆಂಗಸರು ಸೊಂಟದವರೆಗೆ ನೀರಿಗಿಳಿದು ಕೆಸರಿನಲ್ಲಿ ಬಳಚು ಆರಿಸ್ತಿದ್ದರು. ಚಿಪ್ಪಿನೊಳಗಿನ ಮಾಂಸ ಊಟಕ್ಕೆ, ಮಾರಾಟಕ್ಕೆ, ಚಿಪ್ಪಿನಿಂದ ಸುಣ್ಣ. ದಡಕ್ಕೆ ಬಂದ ಒಬ್ಬಾಕೆಯ ಬುಟ್ಟಿ ಇಣುಕಿ ನೋಡಿ ಅವ್ವ ಮಾತಿಗೆ ನಿಂತಳು. ಅವರ ಕನ್ನಡ ಇವಳಿಗೆ ಅರ್ಧ, ಇವಳದು ಅವರಿಗೆ ಅರ್ಧ. ಆದರೂ ಕೂಲಿ ಎಷ್ಟು, ಬೆನ್ನು ನೋಯುತ್ತೋ ಇಲ್ಲವೋ, ಮಕ್ಕಳೆಷ್ಟು ಎಲ್ಲ ಆಯ್ತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಅಂತ ಕೇಳಿ, "ನಮಗ ಮಳಿ ಇಲ್ಲಾಂದ್ರ ಕೆಲಸಿಲ್ಲ, ಇವ್ರಿಗೆ ಮಳಿ ಬಂದ್ರ ಕೆಲಸಿಲ್ಲ" ಅಂತ ನನಗೆ ಹೇಳಿದಳು. ನಾನು ಹಸಿರು ಬಣ್ಣ ತುಂಬಿದ 'ಶಾಂತ' ಊರಿನಲ್ಲಿ ಎಲ್ಲರೂ ದುಡೀತಿದ್ದರು. ಶಾಂತವಾಗಿ ಕೂತಿದ್ದವಳು ನಾನೊಬ್ಬಳೇ.

ಸಂಜೆ ಹೋಮ್‌ಸ್ಟೇ ಅಂಗಳದಲ್ಲಿ ಕೂತಾಗ ಕೇಳಿದೆ, "ಎಷ್ಟು ಶಾಂತ ಐತಿ ನೋಡವ್ವಾ. ಹೆಂಗನಸ್ತೈತಿ?"

"ಹೂಂ. ಮನಿ ಹಂಗ ಐತಿ."

ಹೊಗಳಿಕೆ ಅಂದುಕೊಂಡೆ.

ರಾತ್ರಿ ಎರಡಕ್ಕೆ ಎಚ್ಚರಾದಾಗ ಅವ್ವ ಹಾಸಿಗೆ ಮೇಲೆ ಎದ್ದು ಕೂತಿದ್ದಳು. ಎದೆ ಧಸಕ್ಕೆಂದಿತು. "ಯಾಕವ್ವಾ, ಆರಾಮಿಲ್ಲೇನು?"

"ಆರಾಮದೀನಿ. ನಿದ್ದಿ ಬರವಲ್ದು. ಟಿವಿ ಇಲ್ಲಲ್ಲ ಇಲ್ಲಿ."

ನನಗೆ ನಗು ಬಂತು. "ಇಲ್ಲೂ ಸೀರಿಯಲ್ ಬೇಕೇನು?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಫೋನ್ ಮಾಡಿದಾಗೆಲ್ಲಾ ಟಿವಿ ಸೌಂಡ್ ಕಮ್ಮಿ ಮಾಡು ಅಂತ ನೀ ಬೈತಿ. ನಾ ನೋಡೂದಿಲ್ಲವ್ವಾ ಅದನ್ನ. ಮನ್ಯಾಗ ಯಾರರ ಮಾತಾಡಿದಂಗ ಆಕ್ಕೈತಿ ಅಂತ ಹಚ್ಚಿರ್ತೀನಿ. ನಿಮ್ಮಪ್ಪ ಹೋದ ಮ್ಯಾಲ ಮನಿ ಭಾಳ ಸುಮ್ನಾಗೇತಿ."

ನಾನೇನೂ ಹೇಳಲಿಲ್ಲ. ಅವಳೇ ಕೇಳಿದಳು, "ನಿಮ್ಮಣ್ಣ ಹೋದ ಊರಾಗ ಭಾಳ ಮಂದಿ ಇರ್ತಾರೇನು?"

ಬೆಳಿಗ್ಗೆ ಆರಕ್ಕೆ ಅಣ್ಣನಿಗೆ ಫೋನ್ ಮಾಡಿದೆ. "ಇನ್ನೊಂದು ರೂಮ್ ಸಿಗ್ತೈತೇನು?" ಅವನು ನಕ್ಕ. ಗೆದ್ದೆ ಅಂತ ಮಾತ್ರ ಅನ್ನಲಿಲ್ಲ.

ಕುಮಟಾ, ಹೊನ್ನಾವರ, ಶರಾವತಿ ಸೇತುವೆ ದಾಟಿ ಮುರ್ಡೇಶ್ವರ ತಲುಪಿದಾಗ ನಾನು ಹೆದರಿದ್ದಷ್ಟೇ ಗದ್ದಲ ಇತ್ತು. ಪಾರ್ಕಿಂಗ್‌ಗೆ ಜಾಗ ಇಲ್ಲ, ರೂಮಿನ ಬಾಡಿಗೆ ತದಡಿಗಿಂತ ದುಪ್ಪಟ್ಟು. ರಾಜಗೋಪುರದ ಲಿಫ್ಟಿಗೆ ಉದ್ದ ಕ್ಯೂ. ಆದರೆ ಆ ಕ್ಯೂನಲ್ಲೇ ಅವ್ವ ಅರಳಿದಳು. ಮುಂದೆ ಬಾಗಲಕೋಟೆ ಕಡೆಯ ಹೆಣ್ಮಕ್ಕಳ ಗುಂಪು. "ಯಾವೂರ್ರೀ ನಿಮ್ದು?" ಇಂದ ಶುರುವಾದ ಮಾತು ಮೇಲೆ ಮುಟ್ಟುವಷ್ಟರಲ್ಲಿ ಯಾವುದೋ ದೂರದ ಬೀಗರ ಸಂಬಂಧಕ್ಕೆ ಹೋಗಿ ನಿಂತಿತು. ಮೇಲಿನಿಂದ ಮೂರು ಕಡೆ ನೀಲಿ ನೀರು ನೋಡಿ ಅವ್ವ, "ಈಗ ಆತು ನೋಡು ಸಮುದ್ರ" ಅಂದಳು.

ಸಂಜೆ ಬೀಚಿನಲ್ಲಿ ಮೊಮ್ಮಕ್ಕಳ ಕೈ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಇದೇ ಬೀಚಿನಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾಗಿದ್ದರು. ಅದಕ್ಕೇ ನಾನೂ ಅಣ್ಣನೂ ಆಚೀಚೆ ಕಾವಲು ನಿಂತಿದ್ದೆವು. ಒಂದು ಅಲೆ ಬಂದು ಸೀರೆ ನೆನೆಸಿತು. ಅವ್ವ ಜೋರಾಗಿ ನಕ್ಕಳು. ಆ ನಗು ಕೇಳಿ ಎರಡು ವರ್ಷವಾಗಿತ್ತು. ಆಮೇಲೆ ಬಗ್ಗಿ, ಬೊಗಸೆ ನೀರು ತೆಗೆದು, ಕಣ್ಣಿಗೊತ್ತಿಕೊಂಡು ವಾಪಸ್ ಬಿಟ್ಟಳು. ಯಾರ ಹೆಸರಲ್ಲಿ ಅಂತ ನಾವು ಕೇಳಲಿಲ್ಲ.

ಯಾವ ಊರು ಚೆಂದ ಅಂತ ಈಗ ಯಾರಾದರೂ ಕೇಳಿದರೆ ಎರಡೂ ಚೆಂದ ಅಂತೀನಿ. ನನ್ನ ಶೀಟ್‌ನಲ್ಲಿ ದೂರ, ಬಾಡಿಗೆ, ಜನಜಂಗುಳಿ ಎಲ್ಲ ಇತ್ತು. ಬರುವವರು ಯಾವುದರಿಂದ ದಣಿದಿದ್ದಾರೆ ಅನ್ನೋ ಸಾಲು ಇರಲಿಲ್ಲ. ನಾನು ಸದ್ದಿನಿಂದ ದಣಿದಿದ್ದೆ, ಅವ್ವ ಸದ್ದಿಲ್ಲದ ಮನೆಯಿಂದ. ಅಪ್ಪ ಅಮ್ಮನನ್ನ ಎಲ್ಲಿಗಾದರೂ ಕರೆದೊಯ್ಯುವ ಯೋಚನೆ ನಿಮಗಿದ್ದರೆ, ಬುಕ್ ಮಾಡುವ ಮೊದಲು ಅದನ್ನೊಂದು ಕೇಳಿ. ಮೊದಲ ಸಲಕ್ಕೆ "ನೀವು ಹೇಳಿದ್ದ ಆತು" ಅಂತಾರೆ. ಎರಡನೇ ಸಲ ಕೇಳಿ.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರಿಗೆಲ್ಲ ಅವ್ವ ಶಿವನ ಮೂರ್ತಿ ಎಷ್ಟೆತ್ತರ ಅಂತ ಕೈ ಎತ್ತಿ ತೋರಿಸಿದಳಂತೆ. ನೀರಿಗಿಳಿದು ಬಳಚು ಆರಿಸೋ ಹೆಣ್ಮಕ್ಕಳ ಕಥೆಯನ್ನೂ ಹೇಳಿದಳಂತೆ.

ತದಡಿಗೆ ಇನ್ನೊಮ್ಮೆ ನಾನೊಬ್ಬಳೇ ಹೋಗ್ತೀನಿ. ಅದಕ್ಕೂ ಮೊದಲು ಕೊಪ್ಪಳದ ಗವಿಮಠದ ಜಾತ್ರೆಗೆ ರಜೆ ಹಾಕಿದ್ದೀನಿ. ಅಪ್ಪ ಹೋದ ಮೇಲೆ ಅವ್ವ ತೇರು ನೋಡಿಲ್ಲ. ಮೊನ್ನೆ ಅದನ್ನ ಹೇಳೋಕೆ ಫೋನ್ ಮಾಡಿದಾಗ ಹಿಂದೆ ಟಿವಿ ಜೋರಾಗಿ ಕೂಗ್ತಿತ್ತು. ಕಮ್ಮಿ ಮಾಡು ಅನ್ನಲಿಲ್ಲ. ನಾನೇ ಸ್ವಲ್ಪ ಜೋರಾಗಿ ಮಾತಾಡಿದೆ.