ದಣಿದ ದೇವತೆ

ಯವನರ ದೇವತಾವಿಗ್ರಹಗಳ ಚಿತ್ರಗಳನ್ನು ಮೊದಲ ಬಾರಿಗೆ ನೋಡುವ ನಮ್ಮವರಿಗೆ ಒಂದು ತೊಡಕು ಎದುರಾಗುವುದುಂಟು. ಅಲ್ಲಿ ನಾಲ್ಕು ಕೈಗಳಿಲ್ಲ, ಕಿರೀಟ ಕರ್ಣಕುಂಡಲಗಳಿಲ್ಲ, ಉಡುಗೆಯೂ ಬಹುಮಟ್ಟಿಗೆ ಇಲ್ಲ. ದೇವನಾರು, ಮಲ್ಲನಾರು ಎಂಬುದನ್ನು ಅರಿಯುವುದು ಹೇಗೆ? ಪಶ್ಚಿಮದ ಪಂಡಿತರಿಗೂ ಈ ತೊಡಕು ತಪ್ಪಿದ್ದಲ್ಲ. ಗ್ರೀಸಿನ ಆರ್ಟಿಮೀಷಿಯಂ ಭೂಶಿರದ ಬಳಿ ೧೯೨೮ರ ಸುಮಾರಿನಲ್ಲಿ ಸಮುದ್ರತಳದಿಂದ ಎತ್ತಿದ ಕಂಚಿನ ವಿಗ್ರಹವೊಂದು ಈಗ ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿರುವುದು. ಬೀಸಲು ಎತ್ತಿದ ಅದರ ಬಲಗೈಯಲ್ಲಿದ್ದ ಆಯುಧ ಕಳೆದುಹೋಗಿದೆ. ಅದು ಸಿಡಿಲಾಗಿದ್ದರೆ ಈತನು ಜ್ಯೂಸ್, ತ್ರಿಶೂಲವಾಗಿದ್ದರೆ ಪೊಸೈಡನ್, ವಾದವಿನ್ನೂ ಮುಗಿದಿಲ್ಲ. ದೇವನೆಂಬುದರಲ್ಲಿ ಮಾತ್ರ ನೋಡಿದವರಿಗೆ ಸಂದೇಹ ಹುಟ್ಟುವುದು ಅಪರೂಪ. ಶಿಲ್ಪಿಯು ದೇವತ್ವವನ್ನು ಮೈಯಲ್ಲಿಯೇ ಇಟ್ಟಿರುವನು.

ಆ ಮೈಗೆ ಮುಪ್ಪಿಲ್ಲ, ಬೆವರಿಲ್ಲ. ಕ್ರಿ. ಪೂ. ಐದನೆಯ ಶತಮಾನದ ಪಾಲಿಕ್ಲೀಟಸನು ಪುರುಷದೇಹದ ಅಂಗಾಂಗಗಳ ಪ್ರಮಾಣವನ್ನು ಗೊತ್ತುಮಾಡಿ ಅದಕ್ಕೊಂದು ಗ್ರಂಥವನ್ನೇ ಬರೆದನು. ವ್ಯಾಟಿಕನ್ನಿನ ಅಪೋಲೋ ವಿಗ್ರಹವನ್ನು ಜರ್ಮನಿಯ ವಿಂಕೆಲ್ಮನ್ನನು ೧೭೬೪ರ ತನ್ನ ಕಲಾಚರಿತ್ರೆಯಲ್ಲಿ ಕೊಂಡಾಡಿದ ಮೇಲೆ ಯೂರೋಪು ಬಹುಕಾಲ ಅದಕ್ಕೆ ತಲೆಬಾಗಿತು. ಚೆಲುವಾದ ವಿಗ್ರಹವೇ ಸರಿ. ಆದರೆ ಬಿಲ್ಲುಗಾರನೆನ್ನುವ ಆತನ ತೋಳಿಗೆ ಹೆದೆಯ ಬಿಗಿಯು ಎಂದೂ ತಾಕಿದಂತಿಲ್ಲ. ನನ್ನ ಮನಸ್ಸು ಅಲ್ಲಿ ನಿಲ್ಲದೆ ನೇಪಲ್ಸಿನ ಹರ್ಕ್ಯುಲಿಸನ ಕಡೆಗೆ ಹೋಗುವುದು.

೧೫೪೬ರಲ್ಲಿ ರೋಮಿನ ಕ್ಯಾರಕಲ್ಲ ಚಕ್ರವರ್ತಿಯ ಸ್ನಾನಗೃಹಗಳ ಹಾಳಿನಲ್ಲಿ ದೊರೆತು, ಫಾರ್ನೀಸೆ ಮನೆತನದವರ ವಶದಲ್ಲಿದ್ದು, ೧೭೮೭ರಲ್ಲಿ ನೇಪಲ್ಸಿಗೆ ಸಾಗಿದ ಅಮೃತಶಿಲೆಯ ವಿಗ್ರಹವಿದು. ಎತ್ತರವು ೧೦ ಅಡಿಗೂ ಮಿಗಿಲು. ಕ್ರಿ. ಪೂ. ನಾಲ್ಕನೆಯ ಶತಮಾನದ ಲಿಸಿಪ್ಪಸನು ಎರಕಹೊಯ್ದ ಕಂಚಿನ ಮೂಲ ಈಗಿಲ್ಲ. ಅಥೆನ್ಸಿನ ಗ್ಲೈಕಾನನು ಕ್ರಿ. ಶ. ಮೂರನೆಯ ಶತಮಾನದಲ್ಲಿ ಕಡೆದ ಈ ಪ್ರತಿಯ ಮೇಲೆ ತನ್ನ ಹೆಸರನ್ನು ಕೊರೆದಿರುವನು. ಮೈಯ ಗಾತ್ರಕ್ಕೆ ತಲೆಯು ಚಿಕ್ಕದು. ಲಿಸಿಪ್ಪಸನು ಹಿಂದಿನವರ ಪ್ರಮಾಣವನ್ನು ಬಿಟ್ಟು ತಲೆಯನ್ನು ಕಿರಿದಾಗಿಸುತ್ತಿದ್ದನೆಂದು ಪ್ಲಿನಿಯೂ ಬರೆದಿರುವನು.

ಹರ್ಕ್ಯುಲಿಸನು ಜ್ಯೂಸನಿಗೆ ಮಾನವಸ್ತ್ರೀಯಲ್ಲಿ ಹುಟ್ಟಿದವನು. ಹನ್ನೆರಡು ಕಠಿಣಕಾರ್ಯಗಳನ್ನು ಮುಗಿಸಿ, ಕಡೆಗೆ ದೇಹವನ್ನು ಚಿತೆಗಿತ್ತು, ದೇವತೆಗಳ ಸಾಲಿಗೆ ಸೇರಿದವನು. ಇಲ್ಲಿ ಸಿಂಹದ ತೊಗಲು ಹೊದಿಸಿದ ಗದೆಯನ್ನು ಎಡ ಕಂಕುಳಿಗೆ ಆನಿಸಿ, ತಲೆ ತಗ್ಗಿಸಿ ನಿಂತಿರುವನು. ಎದೆ ತೋಳುಗಳು ಬಂಡೆಗಳಂತೆ ಉಬ್ಬಿವೆ. ಎಡಗೈ ಮಾತ್ರ ಜೋತುಬಿದ್ದಿದೆ. ಇಷ್ಟು ಬಲವುಳ್ಳವನಿಗೂ ಒಂದು ಆನಿಕೆ ಬೇಕಾಯಿತು.

ನಮ್ಮ ಮನೆಗಳಲ್ಲಿ ಗಂಡಸು ದಣಿದೆನೆಂದು ಹೇಳಿಕೊಳ್ಳುವ ರೂಢಿಯಿಲ್ಲ. ನನ್ನ ತಂದೆಯವರು ಸುಗ್ಗಿಯ ದಿನಗಳಲ್ಲಿ ಕಣದಿಂದ ಬಂದು ಜಗಲಿಯ ಕಂಬಕ್ಕೆ ಒರಗುತ್ತಿದ್ದರು. ಯಾರಾದರೂ ಅತ್ತ ಸುಳಿದರೆ, ಮಕ್ಕಳಾದ ನಾವೇ ಆದರೂ, ಒಡನೆ ನೆಟ್ಟಗೆ ನಿಲ್ಲುತ್ತಿದ್ದರು. ಒರಗಿದ ಅವರ ಮೈಯನ್ನು ನಾನು ಬಾಗಿಲ ಸಂದಿನಿಂದ ಮಾತ್ರ ಕಂಡವನು. ರೋಮಿನವರು ಅಂಥ ನಿಲುವನ್ನೇ ಸಾರ್ವಜನಿಕ ಸ್ನಾನಗೃಹದಲ್ಲಿ, ಊರ ಗಂಡಸರೆಲ್ಲ ಬಟ್ಟೆ ಕಳಚಿ ಓಡಾಡುವೆಡೆಯಲ್ಲಿ, ಎತ್ತಿ ನಿಲ್ಲಿಸಿದರೆಂಬುದು ನನಗೆ ಅಪೋಲೋವಿನ ಚೆಲುವಿಗಿಂತ ದೊಡ್ಡದಾಗಿ ತೋರುವುದು.

ಕಲೆಯ ಪುಸ್ತಕಗಳ ಮೇಲೆ ನನ್ನದೊಂದು ಆಕ್ಷೇಪಣೆಯುಂಟು. ಅವು ಹೆಚ್ಚಾಗಿ ವಿಗ್ರಹದ ಮುಂಭಾಗವನ್ನೇ ಅಚ್ಚುಹಾಕುವುವು. ಈತನೇಕೆ ದಣಿದನೆಂಬುದು ಹಿಂದಕ್ಕೆ ಹೋದಲ್ಲದೆ ತಿಳಿಯದು. ಬೆನ್ನಿನ ಮೇಲೆ ಮಡಿಸಿದ ಬಲಗೈಯಲ್ಲಿ ಹೆಸ್ಪೆರಿಡರ ತೋಟದ ಹೊನ್ನ ಸೇಬುಗಳಿವೆ; ಅವುಗಳಿಗಾಗಿ ಆತನು ಅಟ್ಲಾಸನ ಬದಲಿಗೆ ಆಕಾಶವನ್ನೇ ಹೊತ್ತು ನಿಂತನೆಂದು ಕಥೆ. ಗೆದ್ದು ತಂದುದನ್ನು ಮುಂದೆ ಹಿಡಿದು ತೋರಿಸುವ ಹುಮ್ಮಸ್ಸೂ ಉಳಿದಂತಿಲ್ಲ. ೧೫೯೧ರಲ್ಲಿ ರೋಮಿಗೆ ಬಂದಿದ್ದ ಹಾಲೆಂಡಿನ ಹೆಂಡ್ರಿಕ್ ಗೋಲ್ಟ್ಸಿಯಸನು ಇದನ್ನು ಚೆನ್ನಾಗಿ ಬಲ್ಲವನು. ಅವನು ತಾಮ್ರದ ತಗಡಿನಲ್ಲಿ ಕೊರೆದ ಚಿತ್ರದಲ್ಲಿ ನಮ್ಮ ಕಡೆಗಿರುವುದು ವಿಗ್ರಹದ ಬೆನ್ನು, ಹಣ್ಣು ಹಿಡಿದ ಆ ಕೈ. ವಿಗ್ರಹದಾಚೆ, ಕೆಳಮೂಲೆಯಲ್ಲಿ, ಇಬ್ಬರು ಮನುಷ್ಯರು ಕತ್ತೆತ್ತಿ ಅದರ ಮುಖವನ್ನು ನೋಡುತ್ತಿರುವರು. ಸೇಬುಗಳು ಅವರಿಗೆ ಕಾಣಿಸವು.