ತಂತಿಗಳ ಸಂಸಾರ

ಟೀವಿಯ ಮುಖವನ್ನು ದಿನವೂ ಒರೆಸುವ ಗೃಹಸ್ಥರು ಅದರ ಬೆನ್ನನ್ನು ನೋಡುವುದು ಅಪರೂಪ. ಅಲ್ಲಿ ವಿದ್ಯುತ್ತಿನ ತಂತಿ, ಧ್ವನಿವರ್ಧಕದ ತಂತಿ, 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ತಂತಿ ಎಲ್ಲವೂ ಸಿಕ್ಕುಗಟ್ಟಿ ಬಿದ್ದಿರುತ್ತವೆ. 230 ವೋಲ್ಟಿನ ತಂತಿಗೆ ಅಂಟಿಕೊಂಡು ಧ್ವನಿಯ ತಂತಿ ಸಾಗಿದರೆ, ಸಂಗೀತದ ನಡುವೆ 50 ಹರ್ಟ್ಸಿನ ಗುಂಯ್‌ಕಾರವು ಕರೆಯದೆ ಬಂದ ಶ್ರುತಿಪೆಟ್ಟಿಗೆಯಂತೆ ಸೇರಿಕೊಂಡೀತು. ಆದುದರಿಂದ ಅವೆರಡನ್ನೂ ದೂರವಿರಿಸಬೇಕು. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು. ಕಾಯುವ ಆಂಪ್ಲಿಫೈಯರಿನ ಮೇಲೆ ಗಾಳಿಯಾಡಲು ಜಾಗ ಬಿಡಬೇಕು.

ಇವೆಲ್ಲಕ್ಕಿಂತ ಮಿಗಿಲಾದುದು ಪ್ರತಿ ತಂತಿಯ ಎರಡು ತುದಿಗೂ ಅಂಟಿಸುವ ಹೆಸರಿನ ಚೀಟಿ. ಅದಿಲ್ಲದ ಮನೆಯಲ್ಲಿ ಒಂದು ತಂತಿ ಕಳಚಿದರೆ, ಪರಊರಿಗೆ ಹೋದ ಮಗ ಮರಳುವವರೆಗೆ ತಾಯಿಯ ಸಂಗೀತವೂ ಮೌನ. ಎಲ್ಲಿಯದು ಎಲ್ಲಿಗೆಂದು ಬಲ್ಲವನು ಅವನೊಬ್ಬನೇ! ಎರಡಂಗುಲದ ಆ ಚೀಟಿಯಲ್ಲಿ, ತಾನಿಲ್ಲದಾಗಲೂ ಮನೆಯವರು ಪರದಾಡಬಾರದೆಂಬ ಮಮತೆ ಅಡಗಿರುತ್ತದೆ.