ಮೈಸೂರು ರಸ್ತೆಯಲ್ಲಿ ಮೋಟಾರಿನ ಯೋಗಕ್ಷೇಮ

‘ಯೋಗಕ್ಷೇಮ’ ಎಂಬ ಮಾತನ್ನು ಪತ್ರದ ಮೊದಲ ಪಂಕ್ತಿಯಲ್ಲಿ ಬರೆದು ಮುಂದಕ್ಕೆ ಹೋಗುವುದು ನಮ್ಮೆಲ್ಲರ ರೂಢಿ. ಅದರಲ್ಲಿ ಎರಡು ಪದಗಳಿವೆಯೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮ. ಮನೆಗಾಗಲಿ, ಹಸುವಿಗಾಗಲಿ ಈ ಎರಡು ವೆಚ್ಚಗಳೂ ಉಂಟು. ಮೋಟಾರು ಬಂಡಿಯ ವಿಷಯದಲ್ಲಿ ಇವೆರಡರ ಸಂಬಂಧವು ಕಳೆದ ನಲವತ್ತು ವರ್ಷಗಳಲ್ಲಿ ತಲೆಕೆಳಗಾಗಿದೆ. ನಮಗೆ ಚಿರಪರಿಚಿತವಾದ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುತ್ತಲೇ ಆ ಲೆಕ್ಕವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಬಾಲ್ಯದಲ್ಲಿ ಈ ರಸ್ತೆಯ ಮೇಲೆ ಕಾಣುತ್ತಿದ್ದ ಮೋಟಾರುಗಳು ಹೆಚ್ಚಾಗಿ ಎರಡೇ ಜಾತಿಯವು: ಅಂಬಾಸಡರ್ ಮತ್ತು ಫಿಯಟ್. ಕೊಳ್ಳಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾದಿರಬೇಕಾಗಿದ್ದಿತು. 1983ನೆಯ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದಾಗ ಅದರ ಬೆಲೆ ಐವತ್ತು ಸಾವಿರ ರೂಪಾಯಿಗೆ ಸಮೀಪವಾಗಿದ್ದಿತು. ಇಂದಿನ ಕಿವಿಗೆ ಅದು ಅಗ್ಗವೆಂದು ತೋರಬಹುದು. ಆದರೆ ಅಂದಿನ ಉಪಾಧ್ಯಾಯನ ಪಾಲಿಗೆ ಅದು ಹಲವು ವರ್ಷಗಳ ಸಂಪೂರ್ಣ ವೇತನ. ಯೋಗವೆಂಬುದು ಅಷ್ಟು ದುರ್ಲಭವಾಗಿದ್ದ ಕಾಲವದು. ಈಗಲಾದರೋ ಸಾಲ ಕೊಡುವವರೇ ಮನೆಬಾಗಿಲಿಗೆ ಬರುತ್ತಾರೆ.

ಬೆಂಗಳೂರಿನ ನಡುವಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಹೊರಡುವ ಮೊದಲು ಪೆಟ್ರೋಲಿನ ಲೆಕ್ಕವನ್ನು ನೋಡೋಣ. ಅಂಬಾಸಡರ್ ಬಂಡಿಯು ಒಂದು ಲೀಟರಿಗೆ ಹತ್ತು ಕಿಲೋಮೀಟರು ಓಡಿದರೆ ಯಜಮಾನನಿಗೆ ಸಮಾಧಾನ. ಹೀಗೆ ಹದಿನಾಲ್ಕು ಲೀಟರು ಬೇಕು. 1980ರ ದಶಕದ ಆರಂಭದಲ್ಲಿ ಲೀಟರಿಗೆ ಆರು ರೂಪಾಯಿಯ ಆಸುಪಾಸಿನಲ್ಲಿ ಬೆಲೆ ಇದ್ದುದರಿಂದ ಎಂಬತ್ತು ಚಿಲ್ಲರೆ ರೂಪಾಯಿ ಆಗುತ್ತಿದ್ದಿತು. 1973ರಲ್ಲಿ ಪಶ್ಚಿಮ ಏಷ್ಯದ ಯುದ್ಧದ ತರುವಾಯ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಾದುದರ ಬಿಸಿ ಆ ಅಂಕಿಯಲ್ಲಿ ಆಗಲೇ ಸೇರಿದ್ದಿತು. 2010ರಲ್ಲಿ ಸರ್ಕಾರವು ಪೆಟ್ರೋಲಿನ ಬೆಲೆಯ ಮೇಲಿನ ಹಿಡಿತವನ್ನು ಸಡಿಲಿಸಿತು. 2017ರ ಜೂನಿನಿಂದ ಬೆಲೆಯನ್ನು ದಿನದಿನವೂ ಪರಿಷ್ಕರಿಸುವ ಪದ್ಧತಿ ಬಂದಿತು. 2021ರಲ್ಲಿ ಬೆಂಗಳೂರಿನಲ್ಲಿ ಲೀಟರಿನ ಬೆಲೆ ನೂರು ರೂಪಾಯಿಯನ್ನು ದಾಟಿತು. ಇಂದಿನ ಸಣ್ಣ ಮೋಟಾರು ಹೆದ್ದಾರಿಯಲ್ಲಿ ಲೀಟರಿಗೆ ಹದಿನೆಂಟು ಕಿಲೋಮೀಟರು ಓಡುತ್ತದೆಂದು ಹಿಡಿದರೆ ಎಂಟು ಲೀಟರು, ಸುಮಾರು ಎಂಟುನೂರು ರೂಪಾಯಿ. ಬೆಲೆಯು ಹದಿನಾರು ಹದಿನೇಳು ಪಟ್ಟು ಏರಿದರೂ ಪ್ರಯಾಣದ ಪೆಟ್ರೋಲು ವೆಚ್ಚ ಹತ್ತು ಪಟ್ಟಿಗಿಂತ ಹೆಚ್ಚಿಲ್ಲ. ಸಂಬಳಗಳು ಏರಿರುವ ಪರಿಯನ್ನು ನೋಡಿದರೆ ಪೆಟ್ರೋಲೊಂದನ್ನೇ ದೂರುವುದು ನ್ಯಾಯವಲ್ಲ.

ಕೆಂಗೇರಿ ಬಿಡದಿಗಳನ್ನು ಕಳೆದರೆ ರಾಮನಗರದ ಬಂಡೆಗಳು ಎದುರಾಗುತ್ತವೆ. ಬೇಸಗೆಯಲ್ಲಿ ಈ ಎಡೆಗೆ ಬರುವ ಹೊತ್ತಿಗೆ ಹಳೆಯ ಮೋಟಾರುಗಳ ರೇಡಿಯೇಟರಿನ ನೀರು ಕುದಿಯುವುದು ಸಾಮಾನ್ಯವಾಗಿದ್ದಿತು. ಮರದ ನೆರಳಿನಲ್ಲಿ ಬಂಡಿಯನ್ನು ನಿಲ್ಲಿಸಿ, ಮುಚ್ಚಳಕ್ಕೆ ಒದ್ದೆ ಬಟ್ಟೆ ಹಾಕಿ ತೆಗೆದು, ಕೊಡದಿಂದ ನೀರು ಹೊಯ್ಯಬೇಕು. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿದರೆ ಬಿಚ್ಚಿ ಊದಬೇಕು. ಪಾಯಿಂಟುಗಳು ಕರಿಕಟ್ಟಿದರೆ ಉಪ್ಪುಕಾಗದದಿಂದ ಉಜ್ಜಬೇಕು. ಟೈರಿನೊಳಗೆ ಟ್ಯೂಬು ಇದ್ದುದರಿಂದ ಒಂದು ಮೊಳೆ ಹೊಕ್ಕರೆ ಚಕ್ರ ಅಲ್ಲಿಯೇ ಕುಸಿಯುವುದು. ಇವಲ್ಲದೆ ಆಗಾಗ್ಗೆ ಕೀಲುಗಳಿಗೆ ಗ್ರೀಸು, ಬ್ಯಾಟರಿಗೆ ನೀರು, ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆಯ ಬದಲಾವಣೆ, ವರ್ಷಗಳಿಗೊಮ್ಮೆ ಎಂಜಿನಿನ ತಲೆ ಬಿಚ್ಚಿ ಮಸಿ ಕೆರೆಯುವ ಕೆಲಸ. ತೊಂದರೆಗಳು ಹೆಚ್ಚು, ಆದರೆ ಒಂದೊಂದರ ಬೆಲೆಯೂ ಅಲ್ಪ. ಅಲ್ಲದೆ ಬಂಡಿಯ ಯಜಮಾನನಿಗೇ ಅರ್ಧ ವಿದ್ಯೆ ಬರುತ್ತಿದ್ದಿತು.

ಉಳಿದರ್ಧ ವಿದ್ಯೆ ರಸ್ತೆಯ ಬದಿಯಲ್ಲಿದ್ದಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ತಗಡಿನ ಸೂರಿನ ಕೆಳಗೆ ರಿಪೇರಿ ಮಾಡುವ ಮೇಸ್ತ್ರಿಗಳು, ತಗಡು ಬಡಿಯುವವರು, ಪಂಕ್ಚರ್ ಹಾಕುವ ಹುಡುಗರು ಇದ್ದರು. ಮೋಟಾರು ರಿಪೇರಿಯಾಗುವವರೆಗೆ ಮನೆಯವರು ಬಿಡದಿಯಲ್ಲಿ ತಟ್ಟೆ ಇಡ್ಲಿಯನ್ನೋ ಮದ್ದೂರಿನಲ್ಲಿ ವಡೆಯನ್ನೋ ತಿನ್ನುವರು. ಮಕ್ಕಳಿಗೆ ಚನ್ನಪಟ್ಟಣದ ಅರಗಿನ ಬೊಂಬೆ ದೊರೆಯುವುದು. ಒಂದು ಪ್ರಯಾಣದ ವೆಚ್ಚವು ಹೀಗೆ ಹತ್ತು ಕೈಗಳಿಗೆ ಹಂಚಿಹೋಗುತ್ತಿದ್ದಿತು.

ಈಚೆಗೆ ಹಳೆಯ ರಸ್ತೆಯನ್ನೇ ಹಿಡಿದು ಹೋದಾಗ ಚನ್ನಪಟ್ಟಣದ ಬಳಿ ಅಂತಹ ಒಬ್ಬ ವೃದ್ಧ ಮೇಸ್ತ್ರಿಯನ್ನು ಮಾತನಾಡಿಸಿದೆವು. “ಹಿಂದೆ ಗಾಡಿ ಕೆಟ್ಟರೆ ನಮ್ಮ ಹತ್ತಿರ ಬರುತ್ತಿತ್ತು, ಸ್ವಾಮಿ. ಈಗ ಗಾಡಿ ಕೆಡೋದೇ ಕಡಿಮೆ, ಕೆಟ್ಟರೂ ನಮ್ಮ ಕೈಗೆ ಸಿಗೋಲ್ಲ” ಎಂದರು. ಅವರ ಮಗನು ಆ ಕಸುಬನ್ನು ಬಿಟ್ಟು ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ.

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಇಂದಿನ ಮೋಟಾರಿನಲ್ಲಿ ಕಾರ್ಬ್ಯುರೇಟರೂ ಇಲ್ಲ, ಪಾಯಿಂಟೂ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ವಿದ್ಯುನ್ಮಾನ ಯಂತ್ರವು ಮಾಡುತ್ತದೆ. ಎಣ್ಣೆಯನ್ನು ಸಾಮಾನ್ಯವಾಗಿ ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ ಬದಲಾಯಿಸಿದರೆ ಸಾಕು. ಟ್ಯೂಬಿಲ್ಲದ ಟೈರು ಮೊಳೆ ಹೊಕ್ಕರೂ ಹತ್ತಾರು ಮೈಲಿ ಸಾಗೀತು. 2020ರ ಏಪ್ರಿಲಿನಿಂದ ಕಡ್ಡಾಯವಾದ ಭಾರತ್ ಹಂತ 6ರ ನಿಯಮದಿಂದ ಹೊಗೆಯೂ ಶುದ್ಧವಾಗಿದೆ. ಇವೆಲ್ಲವೂ ಒಳ್ಳೆಯವೇ. ಆದರೆ ಕೆಟ್ಟಾಗ ಬರುವ ಪಟ್ಟಿ ಬೇರೆ ತೆರನಾದುದು. ಹಿಂದೆ ದೀಪದ ಗಾಜು ಒಡೆದರೆ ಗಾಜನ್ನು ಹಾಕಿಸುತ್ತಿದ್ದರು. ಈಗ ದೀಪವನ್ನೇ ಇಡಿಯಾಗಿ ಬದಲಾಯಿಸಬೇಕು. ಹಿಂದೆ ನೆಗ್ಗಿದ ಕಬ್ಬಿಣದ ಬಂಪರನ್ನು ಬಡಿದು ನೆಟ್ಟಗೆ ಮಾಡುತ್ತಿದ್ದರು, ಈಗಿನದು ಪ್ಲಾಸ್ಟಿಕ್ಕು. ದೋಷವಾವುದೆಂದು ತಿಳಿಯಲು ಸಹ ಗಣಕಯಂತ್ರವನ್ನು ಜೋಡಿಸಬೇಕು.

ಇನ್ನು ರಸ್ತೆಯೂ ಬದಲಾಯಿತು. 8,480 ಕೋಟಿ ರೂಪಾಯಿ ವೆಚ್ಚದ, 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಲಾಯಿತು. ಹಿಂದೆ ಮೂರು ನಾಲ್ಕು ಗಂಟೆ ಹಿಡಿಯುತ್ತಿದ್ದ ದಾರಿ ಬಹುಪಾಲು ಒಂದೂವರೆ ಗಂಟೆಗೆ ಇಳಿದಿದೆ. ರೋಗಿಯನ್ನು ಕರೆದೊಯ್ಯುವವರಿಗೆ ಈ ಉಪಕಾರವು ಸಾಮಾನ್ಯವಲ್ಲ. ಆದರೆ ಅದು ಊರುಗಳನ್ನೆಲ್ಲ ಬದಿಗೊತ್ತಿ ಹೋಗುತ್ತದೆ. ಮದ್ದೂರು ಬಂದುದೂ ಹೋದುದೂ ಪ್ರಯಾಣಿಕನಿಗೆ ತಿಳಿಯುವುದಿಲ್ಲ. 2023ರ ಜುಲೈಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿಯೂ ಸುಂಕ ಆರಂಭವಾದ ಮೇಲೆ, ಮೋಟಾರಿಗೆ ಒಂದು ದಿಕ್ಕಿನ ಪ್ರಯಾಣಕ್ಕೆ ಮುನ್ನೂರು ರೂಪಾಯಿಗೆ ಮೇಲ್ಪಟ್ಟು ಆಯಿತು. ಅಂದರೆ ಪೆಟ್ರೋಲಿನ ಖರ್ಚಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಫಾಸ್ಟ್‌ಟ್ಯಾಗಿನ ಮೂಲಕ ಹಣವು ಕಣ್ಣಿಗೆ ಕಾಣದಂತೆ ಸಂದಾಯವಾಗುವುದರಿಂದ ಗೃಹಸ್ಥನು ಇದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದನ್ನೇ ಮರೆಯುತ್ತಾನೆ.

ಹೀಗೆ ಕಣ್ಣಿಗೆ ಕಾಣದ ವೆಚ್ಚಗಳೇ ಇಂದು ದೊಡ್ಡವು. ನೋಂದಣಿಯಲ್ಲಿಯೇ ಆಜೀವ ತೆರಿಗೆ. 2018ರ ಸೆಪ್ಟೆಂಬರಿನಿಂದ ಹೊಸ ಮೋಟಾರಿಗೆ ಮೂರು ವರ್ಷಗಳ ತೃತೀಯ ಪಕ್ಷದ ವಿಮೆ ಒಮ್ಮೆಗೇ ಕಡ್ಡಾಯ. ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಆರು ಲಕ್ಷಕ್ಕೆ ಕೊಂಡ ಬಂಡಿಯನ್ನು ಹತ್ತು ವರ್ಷಗಳ ಮೇಲೆ ಒಂದು ಲಕ್ಷಕ್ಕೆ ಮಾರಿದರೆ, ಬೆಲೆಯ ಸವೆತವೇ ವರ್ಷಕ್ಕೆ ಐವತ್ತು ಸಾವಿರ. ಅದು ವರ್ಷಕ್ಕೆ ಆರು ಸಾವಿರ ಕಿಲೋಮೀಟರು ಓಡಿದರೆ ಪೆಟ್ರೋಲಿಗೆ ಮೂವತ್ತನಾಲ್ಕು ಸಾವಿರವಾದೀತು. ಸಾಲದ ಬಡ್ಡಿ, ವಿಮೆ, ಟೈರುಗಳು ಇದಕ್ಕೆ ಹೊರತು. ಓಡುವ ಬಂಡಿಗಿಂತ ಅಂಗಳದಲ್ಲಿ ನಿಂತ ಬಂಡಿಯೇ ಹೆಚ್ಚು ಉಣ್ಣುವುದೆಂದಾಯಿತು.

ಹಿಂದೆ ಯೋಗವು ದೂರವಾಗಿದ್ದಿತು, ಕ್ಷೇಮವು ಕೈಗೆಟುಕುವಂತಿದ್ದಿತು. ಈಗ ಯೋಗವು ಸುಲಭ, ಕ್ಷೇಮವು ಪರರ ಕೈಯಲ್ಲಿದೆ. ಆದುದರಿಂದ ಮೋಟಾರನ್ನು ಕೊಳ್ಳಬೇಕೆಂದಿರುವ ಗೃಹಸ್ಥರು ತಿಂಗಳ ಕಂತಿನ ಜೊತೆಗೆ ಸವೆತ, ವಿಮೆ, ಸುಂಕ, ಟೈರು, ರಿಪೇರಿಗಳ ವಾರ್ಷಿಕ ಮೊತ್ತವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರೊಡನೆ ಕುಳಿತು ನೋಡಬೇಕು. ತಿಂಗಳಿಗೆ ಎರಡು ದಿನ ಮಾತ್ರ ಬಂಡಿ ಬೇಕಾಗುವ ಮನೆಗೆ ಬಾಡಿಗೆಯ ಮೋಟಾರೋ, ಮೈಸೂರಿನ ರೈಲೋ ಹೆಚ್ಚು ಲಾಭಕರ. ಕೊಂಡವರಾದರೂ ಅವಸರವಿಲ್ಲದ ದಿನ ಹಳೆಯ ರಸ್ತೆಯಲ್ಲಿ ಹೋಗಿ ಬರಲಿ. ಸುಂಕ ಉಳಿಯುತ್ತದೆ, ಚನ್ನಪಟ್ಟಣದ ಬೊಂಬೆಯಂಗಡಿಯವರಿಗೂ ನಾಲ್ಕು ಕಾಸು ಸಿಕ್ಕುತ್ತದೆ.